ತಂತಿಯ ನಡುಕ ನುಂಗುವ ಗುಂಡುಗಳು

ಊರಾಚೆಯ ಹೊಲಗಳ ಮೇಲೆ ಹಾದುಹೋಗುವ ಹೈಟೆನ್ಷನ್ ಲೈನನ್ನು ನೋಡದವರಿಲ್ಲ. ಟವರಿನ ತೋಳಿನಿಂದ ಇನ್ಸುಲೇಟರುಗಳ ಸರ ಇಳಿಬಿದ್ದಿರುತ್ತದೆ. ಅದರ ತುದಿಯ ಕ್ಲ್ಯಾಂಪಿನಲ್ಲಿ ದಪ್ಪ ತಂತಿ ಕೂತಿರುತ್ತದೆ. ಆ ಕ್ಲ್ಯಾಂಪಿನಿಂದ ಮೂರ್ನಾಲ್ಕು ಅಡಿ ಆಚೆ, ತಂತಿಯ ಅಡಿಯಲ್ಲಿ, ಇನ್ನೊಂದು ಸಣ್ಣ ವಸ್ತು ತೂಗುತ್ತಿರುವುದನ್ನು ಗಮನಿಸಿದವರು ಕಡಿಮೆ. ಮೊಳದಷ್ಟು ಉದ್ದದ ಉಕ್ಕಿನ ಹುರಿ, ಅದರ ಎರಡೂ ತುದಿಗಳಲ್ಲಿ ಒಂದೊಂದು ಲೋಹದ ಗುಂಡು. ಹೆಸರು ಸ್ಟಾಕ್‌ಬ್ರಿಡ್ಜ್ ಡ್ಯಾಂಪರ್. ತಂತಿಯೊಳಗೆ ಹರಿಯುವ ವಿದ್ಯುತ್ತಿಗೂ ಅದಕ್ಕೂ ಸಂಬಂಧವಿಲ್ಲ. ಗಾಳಿಗೆ ನಡುಗುವ ತಂತಿಯ ನಡುಕವನ್ನು ನುಂಗುವುದಷ್ಟೇ ಅದರ ಕೆಲಸ. ಕಂಪನ ಎಂದರೇನು, ಅದನ್ನು ಅಡಗಿಸುವುದು ಹೇಗೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಬಿರುಗಾಳಿಗೆ ತಂತಿ ಓಲಾಡುವುದು ಕಣ್ಣಿಗೆ ಕಾಣುತ್ತದೆ. ಆದರೆ ಈ ಡ್ಯಾಂಪರನ್ನು ಕಟ್ಟಿರುವುದು ಬಿರುಗಾಳಿಗಾಗಿ ಅಲ್ಲ. ಸೆಕೆಂಡಿಗೆ 1ರಿಂದ 7 ಮೀಟರ್ ವೇಗದಲ್ಲಿ ಒಂದೇ ಸಮನೆ ಬೀಸುವ ಮಂದ ಗಾಳಿಯೇ ಇಲ್ಲಿ ಅಪಾಯಕಾರಿ. ಅಂಥ ಗಾಳಿ ದುಂಡನೆಯ ತಂತಿಯನ್ನು ಬಳಸಿ ಮುಂದೆ ಹೋಗುವಾಗ ತಂತಿಯ ಹಿಂಬದಿಯಲ್ಲಿ ಸುಳಿಗಳು ಹುಟ್ಟುತ್ತವೆ. ಒಮ್ಮೆ ಮೇಲ್ಬದಿಯಿಂದ ಒಂದು ಸುಳಿ ಕಳಚಿದರೆ ಮರುಕ್ಷಣ ಕೆಳಬದಿಯಿಂದ ಇನ್ನೊಂದು. ಪ್ರತಿ ಸುಳಿ ಕಳಚಿದಾಗಲೂ ತಂತಿಗೆ ಅಡ್ಡಲಾಗಿ ಒಂದು ಪುಟ್ಟ ತಳ್ಳು ಸಿಗುತ್ತದೆ. ಹೀಗೆ ತಂತಿ ಮೇಲಕ್ಕೂ ಕೆಳಕ್ಕೂ ನಡುಗತೊಡಗುತ್ತದೆ. ಗಾಳಿಗೆ ತಂತಿ ಗುಂಯ್‌ಗುಡುವುದನ್ನು ಚೆಕ್ ಭೌತವಿಜ್ಞಾನಿ ಸ್ಟ್ರೋಹಾಲ್ 1878ರಲ್ಲೇ ಅಳೆದು ನೋಡಿದ್ದ. ಗಾಳಿಯ ವೇಗ ಹೆಚ್ಚಿದಷ್ಟೂ, ತಂತಿ ತೆಳುವಾದಷ್ಟೂ ಈ ನಡುಕ ಚುರುಕಾಗುತ್ತದೆ ಎಂಬುದು ಅವನು ಕಂಡುಕೊಂಡ ನಿಯಮ.

ಒಂದು ಲೆಕ್ಕ ಹಾಕಿ ನೋಡೋಣ. ವಿದ್ಯುತ್ ಮಾರ್ಗಗಳಲ್ಲಿ ಕೆಲಸ ಮಾಡುವವರು ತಂತಿಗಳನ್ನು ಪ್ರಾಣಿಗಳ ಹೆಸರಿನಿಂದ ಗುರುತಿಸುತ್ತಾರೆ: ರ್‍ಯಾಬಿಟ್, ಪ್ಯಾಂಥರ್, ಜೀಬ್ರಾ, ಮೂಸ್. ನಮ್ಮ ದೇಶದ 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮೂಸ್. 7 ಉಕ್ಕಿನ ಎಳೆಗಳ ಸುತ್ತ 54 ಅಲ್ಯೂಮಿನಿಯಂ ಎಳೆಗಳನ್ನು ಹೊಸೆದ ಈ ತಂತಿಯ ವ್ಯಾಸ ಸುಮಾರು 32 ಮಿಲಿಮೀಟರ್. ಸೆಕೆಂಡಿಗೆ 3 ಮೀಟರ್ ವೇಗದ ಗಾಳಿ ಬೀಸಿದರೆ ಅದು ಸೆಕೆಂಡಿಗೆ ಸುಮಾರು 18 ಸಲ ನಡುಗುತ್ತದೆ. ಗಂಟೆಗೆ 65 ಸಾವಿರ ಸಲದಷ್ಟಾಯಿತು. ದಿನಕ್ಕೆ ನಾಲ್ಕೈದು ಗಂಟೆ ಅಂಥ ಗಾಳಿ ಬೀಸಿದರೂ ವರ್ಷಕ್ಕೆ ಹತ್ತು ಕೋಟಿ ದಾಟುತ್ತದೆ.

ಈ ನಡುಕದ ಹರವು ತಂತಿಯ ದಪ್ಪಕ್ಕಿಂತ ಕಡಿಮೆ. ನೆಲದ ಮೇಲೆ ನಿಂತವರಿಗೆ ಅದು ಕಾಣುವುದೇ ಇಲ್ಲ. ಆದರೆ ತಂತಿ ಕ್ಲ್ಯಾಂಪಿನೊಳಗೆ ಹೋಗುವ ಜಾಗದಲ್ಲಿ ಪ್ರತಿ ಸಲವೂ ಒಂದಿಷ್ಟು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಎಳೆಗೆ ಎಳೆ ಉಜ್ಜುತ್ತದೆ. ಒಂದೇ ಏಟಿಗೆ ಮುರಿಯದ ಲೋಹ ಕೋಟಿಗಟ್ಟಲೆ ಸಣ್ಣ ಬಾಗುಗಳಿಗೆ ದಣಿದು ಬಿರುಕು ಬಿಡುತ್ತದೆ. ಎಂಜಿನಿಯರುಗಳು ಇದನ್ನು ಲೋಹದ ದಣಿವು ಎನ್ನುತ್ತಾರೆ. ಬಿರುಕು ಕ್ಲ್ಯಾಂಪಿನ ಮರೆಯಲ್ಲೇ ಇರುವುದರಿಂದ ಬೇಗ ಪತ್ತೆಯಾಗುವುದಿಲ್ಲ. ಒಂದೊಂದೇ ಎಳೆ ತುಂಡಾಗುತ್ತ ಹೋಗಿ, ಉಳಿದ ಎಳೆಗಳ ಮೇಲೆ ಭಾರ ಹೆಚ್ಚಿ, ಕೊನೆಗೆ ತಂತಿಯೇ ಕಡಿದು ಬೀಳಬಹುದು.

ಕಂಪಿಸುವ ಯಾವುದೇ ವಸ್ತುವಿನಲ್ಲಿ ಎರಡು ಗುಣಗಳು ಇರಲೇಬೇಕು. ಒಂದು ದ್ರವ್ಯರಾಶಿ, ಇನ್ನೊಂದು ಬಿಗಿತ. ಬಿಗಿತ ವಸ್ತುವನ್ನು ಮೊದಲಿನ ಜಾಗಕ್ಕೆ ಎಳೆಯುತ್ತದೆ. ದ್ರವ್ಯರಾಶಿಯ ಜಡತ್ವ ಅದನ್ನು ಅಲ್ಲಿ ನಿಲ್ಲಗೊಡದೆ ಆಚೆಗೆ ಒಯ್ಯುತ್ತದೆ. ಇವೆರಡರ ಎಳೆದಾಟದಲ್ಲಿ ವಸ್ತುವಿಗೆ ತನ್ನದೇ ಆದ ಒಂದು ಸ್ವಾಭಾವಿಕ ಆವೃತ್ತಿ ನಿಗದಿಯಾಗುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಆವೃತ್ತಿ ಎರಡು ಪಟ್ಟಾಗುತ್ತದೆ; ದ್ರವ್ಯರಾಶಿ ನಾಲ್ಕು ಪಟ್ಟಾದರೆ ಅರ್ಧಕ್ಕೆ ಇಳಿಯುತ್ತದೆ. ಹೊರಗಿನ ತಳ್ಳು ಇದೇ ಆವೃತ್ತಿಯಲ್ಲಿ ಬಂದರೆ ಅನುರಣನೆ ಉಂಟಾಗುತ್ತದೆ. ಜೋಕಾಲಿ ಹಿಂದಕ್ಕೆ ಬಂದು ತಿರುಗುವ ಹೊತ್ತಿಗೆ ಸರಿಯಾಗಿ ಬೆರಳಲ್ಲಿ ದೂಡಿದರೂ ಸಾಕು, ಜೀಕು ಏರುತ್ತಲೇ ಹೋಗುತ್ತದೆ. ಪ್ರತಿ ತಳ್ಳಿನ ಶಕ್ತಿಯೂ ಹಿಂದಿನದರ ಮೇಲೆ ಜಮೆಯಾಗುತ್ತದೆ.

ಅನುರಣನೆಯಿಂದ ಪಾರಾಗಲು ಯಂತ್ರ ಕಟ್ಟುವವರು ಮೊದಲು ಮಾಡುವುದು ಬಿಗಿತವನ್ನೋ ದ್ರವ್ಯರಾಶಿಯನ್ನೋ ಬದಲಿಸಿ ಸ್ವಾಭಾವಿಕ ಆವೃತ್ತಿಯನ್ನು ಬೇರೆಡೆಗೆ ಸರಿಸುವುದು. ಪಂಪು ನಡುಗಿದರೆ ಅಡಿಪಾಯ ಗಟ್ಟಿ ಮಾಡುತ್ತಾರೆ. ಹೈಟೆನ್ಷನ್ ತಂತಿಗೆ ಈ ಉಪಾಯ ನಡೆಯುವುದಿಲ್ಲ. ಎರಡು ಟವರುಗಳ ನಡುವಿನ 400 ಮೀಟರ್ ತಂತಿಗೆ ಒಂದಲ್ಲ, ನೂರಾರು ಸ್ವಾಭಾವಿಕ ಆವೃತ್ತಿಗಳಿವೆ. ಮೂಸ್ ತಂತಿಯನ್ನು ಸಾಮಾನ್ಯವಾಗಿ ಎಳೆದು ಕಟ್ಟುವ ಬಿಗಿಯಲ್ಲಿ, ಒಂದು ಆವೃತ್ತಿಗೂ ಮುಂದಿನದಕ್ಕೂ ಇರುವ ಅಂತರ ಸುಮಾರು ಹರ್ಟ್ಜ್‌ನ ಆರನೇ ಒಂದು ಭಾಗ ಮಾತ್ರ. ಗಾಳಿ ಯಾವ ವೇಗದಲ್ಲಿ ಬೀಸಿದರೂ ಅದಕ್ಕೆ ಹೊಂದುವ ಒಂದು ಆವೃತ್ತಿ ತಂತಿಯಲ್ಲಿ ಸಿದ್ಧವಾಗಿಯೇ ಇರುತ್ತದೆ. ಇಲ್ಲಿ ಅನುರಣನೆಯಿಂದ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ಉಳಿಯುವುದು ಮೂರನೆಯ ದಾರಿ, ಡ್ಯಾಂಪಿಂಗ್. ಎಂದರೆ ಕಂಪನದ ಶಕ್ತಿಯನ್ನು ಘರ್ಷಣೆಯ ಮೂಲಕ ಬಿಸಿಯಾಗಿಸಿ ಹೊರಗೆ ಬಿಡುವುದು. ಬೈಕಿನ ಶಾಕ್ ಅಬ್ಸಾರ್ಬರ್‌ನಲ್ಲಿ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಿ ಬಿಸಿಯಾಗುವುದು ಇದೇ ಕಾರಣಕ್ಕೆ. ಅನುರಣನೆಯ ಹೊತ್ತಿನಲ್ಲಿ ಕಂಪನ ಎಷ್ಟರವರೆಗೆ ಬೆಳೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಡ್ಯಾಂಪಿಂಗ್ ಒಂದೇ. ಒಳಬರುವ ಶಕ್ತಿಯೂ ಬಿಸಿಯಾಗಿ ಹೋಗುವ ಶಕ್ತಿಯೂ ಸರಿದೂಗಿದ ಕಡೆ ಕಂಪನದ ಬೆಳವಣಿಗೆ ನಿಲ್ಲುತ್ತದೆ. ಹೊಸೆದ ತಂತಿಯಲ್ಲಿ ಎಳೆಗಳು ಒಂದಕ್ಕೊಂದು ಜಾರುವುದರಿಂದ ಅದಕ್ಕೆ ಅಷ್ಟಿಷ್ಟು ಡ್ಯಾಂಪಿಂಗ್ ಸ್ವಂತದ್ದೇ ಇದೆ. ಆದರೆ ತಂತಿಯನ್ನು ಬಿಗಿದಷ್ಟೂ ಎಳೆಗಳು ಕಚ್ಚಿಕೊಂಡು ಜಾರುವುದು ಕಡಿಮೆಯಾಗುತ್ತದೆ. ಜೋತು ಬೀಳಬಾರದೆಂದು ಬಿಗಿದರೆ ನಡುಕ ಹೆಚ್ಚು; ನಡುಕ ತಗ್ಗಲೆಂದು ಸಡಿಲ ಬಿಟ್ಟರೆ ತಂತಿ ನೆಲದ ಹತ್ತಿರಕ್ಕೆ ಇಳಿಯುತ್ತದೆ.

ಈ ಇಕ್ಕಟ್ಟಿಗೆ ಉತ್ತರ ಕೊಟ್ಟವನು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಕಂಪನಿಯ ಎಂಜಿನಿಯರ್ ಜಾರ್ಜ್ ಸ್ಟಾಕ್‌ಬ್ರಿಡ್ಜ್. 1928ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಅದರಲ್ಲಿ ಅವನು ಮೂರು ಉಪಾಯ ವಿವರಿಸಿದ್ದ: ಲೋಹದ ಚೂರು ತುಂಬಿದ ಚೀಲವನ್ನು ತಂತಿಗೆ ಕಟ್ಟುವುದು, ತಂತಿಯ ಪಕ್ಕದಲ್ಲೇ ಇನ್ನೊಂದು ತುಂಡು ತಂತಿಯನ್ನು ಬಿಗಿಯುವುದು, ತುದಿಗಳಲ್ಲಿ ಕಾಂಕ್ರೀಟ್ ಭಾರವಿರುವ ಸಣ್ಣ ಹುರಿಯನ್ನು ತೂಗಿಬಿಡುವುದು. ಮೂರನೆಯದೇ ಜಗತ್ತಿನಾದ್ಯಂತ ಬಳಕೆಗೆ ಬಂತು. ಮುಂದೆ ಕಾಂಕ್ರೀಟಿನ ಜಾಗಕ್ಕೆ ಲೋಹದ ಗುಂಡು ಬಂತು.

ತಂತಿ ನಡುಗಿದಾಗ ಡ್ಯಾಂಪರಿನ ನಡುಭಾಗವೂ ಅದರ ಜೊತೆ ನಡುಗುತ್ತದೆ. ಭಾರವಾದ ಗುಂಡುಗಳು ಆ ವೇಗಕ್ಕೆ ಹೊಂದಿಕೊಳ್ಳಲಾರದೆ ಹಿಂದುಮುಂದಾಗುತ್ತವೆ. ನಡುವಿನ ಉಕ್ಕಿನ ಹುರಿ ಬಾಗಿ ಬಾಗಿ ಅದರ ಎಳೆಗಳು ಪರಸ್ಪರ ಉಜ್ಜುತ್ತವೆ. ಗಾಳಿ ತಂತಿಗೆ ಕೊಟ್ಟ ಶಕ್ತಿ ಹೀಗೆ ಬಿಸಿಯಾಗಿ ಬಯಲಿಗೆ ಹೋಗುತ್ತದೆ. ಪ್ರತಿ ಗುಂಡೂ ಎರಡು ಬಗೆಯಲ್ಲಿ ಆಡಬಲ್ಲದು: ಮೇಲೆ ಕೆಳಗೆ ತೂಗುವುದು ಒಂದು, ತಲೆಯಾಡಿಸಿದಂತೆ ತಿರುಗುವುದು ಇನ್ನೊಂದು. ಒಂದೊಂದು ಬಗೆಗೂ ಒಂದೊಂದು ಸ್ವಾಭಾವಿಕ ಆವೃತ್ತಿ. ಎರಡು ಗುಂಡುಗಳ ಗಾತ್ರ ಬೇರೆಬೇರೆ ಇಟ್ಟರೆ ಒಟ್ಟು ನಾಲ್ಕು ಆವೃತ್ತಿ ಸಿಗುತ್ತವೆ. ಬೇರೆಬೇರೆ ವೇಗದ ಗಾಳಿಗೆ ಒಂದೇ ಡ್ಯಾಂಪರ್ ಸಾಲುವುದು ಇದರಿಂದ.

ಅದನ್ನು ಕಟ್ಟುವ ಜಾಗವೂ ಮುಖ್ಯ. ನಡುಗುವ ತಂತಿಯಲ್ಲಿ ಕೆಲವು ಬಿಂದುಗಳು ಕದಲುವುದೇ ಇಲ್ಲ. ಅಲ್ಲಿ ಕಟ್ಟಿದ ಡ್ಯಾಂಪರಿಗೆ ಕೆಲಸವೇ ಇರುವುದಿಲ್ಲ. ಗಾಳಿಯ ವೇಗ ಬದಲಾದಂತೆ ಈ ಬಿಂದುಗಳೂ ಸರಿಯುತ್ತವೆ. ಆದರೆ ಕ್ಲ್ಯಾಂಪಿನ ಪಕ್ಕದ ಮೊದಲ ಮೂರ್ನಾಲ್ಕು ಅಡಿಯೊಳಗೆ ಅಂಥ ಬಿಂದು ಬೀಳುವುದು ಅಪರೂಪ. ಅದಕ್ಕೇ ಡ್ಯಾಂಪರಿಗೆ ಆ ಸ್ಥಾನ.

ದೊಡ್ಡ ರಾಶಿಯ ಕಂಪನವನ್ನು ಪುಟ್ಟ ರಾಶಿಗೆ ದಾಟಿಸುವ ಈ ವಿದ್ಯೆಗೆ ಜರ್ಮನಿಯ ಹರ್ಮನ್ ಫ್ರಾಮ್ 1911ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದ. ತೈವಾನಿನ 508 ಮೀಟರ್ ಎತ್ತರದ ತೈಪೆ 101 ಕಟ್ಟಡದೊಳಗೆ ತೂಗುತ್ತಿರುವ 660 ಟನ್ ಉಕ್ಕಿನ ಗೋಳ ಮಾಡುತ್ತಿರುವುದೂ ಇದನ್ನೇ. ಹೊಯ್ದಾಡುವ ಗೋಳದ ಶಕ್ತಿಯನ್ನು ಅದರಡಿಯ ಎಣ್ಣೆ ತುಂಬಿದ ಡ್ಯಾಂಪರುಗಳು ಬಿಸಿಯಾಗಿಸುತ್ತವೆ.

ಕರ್ನಾಟಕಕ್ಕೆ ಉದ್ದನೆಯ ವಿದ್ಯುತ್ ಮಾರ್ಗ ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದ ನಾಡು ಇದು. ವಿದ್ಯುತ್ ತಂತಿಗಳನ್ನೂ ಅವುಗಳ ಡ್ಯಾಂಪರುಗಳನ್ನೂ ನಡುಗಿಸಿ ಪರೀಕ್ಷಿಸುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇರುವುದೂ ಬೆಂಗಳೂರಿನಲ್ಲೇ. ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳು ಕಂಪನದ ಸಮೀಕರಣಗಳನ್ನು ಬೋರ್ಡಿನ ಮೇಲೆ ಬರೆಯುವ ಮುನ್ನ ಮಕ್ಕಳನ್ನು ಕಿಟಕಿಯ ಬಳಿ ಕರೆದು ಈ ಗುಂಡುಗಳನ್ನು ತೋರಿಸಲಿ. ಕಂಪಿಸುವ ಯಾವ ಯಂತ್ರವನ್ನು ಕಂಡರೂ ಇದರ ಶಕ್ತಿ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಅಭ್ಯಾಸ ಅವರಲ್ಲಿ ಬೆಳೆಯಲಿ.

ಹೊಲದಲ್ಲಿ ಕೆಲಸ ಮಾಡುವವರಲ್ಲಿ ಒಂದು ಮನವಿ. ಟವರಿನ ಬಳಿ ತಂತಿಯ ಎಳೆ ಬಿಚ್ಚಿ ಚಾಚಿಕೊಂಡಿದ್ದರೆ, ಡ್ಯಾಂಪರ್ ಜಾರಿ ತಂತಿಯ ನಡುವಿಗೆ ಬಂದಿದ್ದರೆ ಅದು ಅಪಾಯದ ಮುನ್ಸೂಚನೆ. ಹತ್ತಿರ ಹೋಗಬೇಡಿ, ಕೂಡಲೇ 1912ಕ್ಕೆ ಕರೆ ಮಾಡಿ ತಿಳಿಸಿ.