ಟಾನ್ಸಿಲ್ ಆಪರೇಷನ್ ಆಯ್ತಾ? ಆರನೇ ದಿನಕ್ಕೆ ರೆಡಿ ಇರಿ

ಟಾನ್ಸಿಲ್ ತೆಗೆಸಿದ ಮೇಲೆ ದಿನದಿನಕ್ಕೂ ನೋವು ಇಳಿಯುತ್ತೆ ಅಂದುಕೊಂಡಿದ್ದರೆ, ಅದು ಹಾಗಲ್ಲ. ಗಂಟಲಲ್ಲಿ ಬಿಳಿ ಪೊರೆ ಕಟ್ಟುತ್ತೆ. ನೋಡಿದರೆ ಕೀವು ಅನ್ನಿಸಿದರೂ ಅದು ಗಾಯದ ಹಕ್ಕಳೆ. 5ರಿಂದ 10ನೇ ದಿನದೊಳಗೆ ಅದು ಉದುರುವಾಗ ನೋವು ಮತ್ತೆ ಏರಬಹುದು. ನಮ್ಮ ಏಳು ವರ್ಷದ ಮಗ ಆರನೇ ದಿನ ಕಿವಿ ಹಿಡಿದುಕೊಂಡು ಅತ್ತ. ಕಿವಿಗೇನೂ ಆಗಿರಲಿಲ್ಲ, ಗಂಟಲಿಗೂ ಕಿವಿಗೂ ಒಂದೇ ನರದ ನಂಟು.

ಮೊದಲ ದಿನ ಬಿಟ್ಟರೆ ರಕ್ತ ಬರುವ ಭಯ ಇರೋದೂ ಆಗಲೇ. ಆಸ್ಪತ್ರೆ ಶಿವಮೊಗ್ಗದಲ್ಲಿ, ಮನೆ ಸೊರಬದಲ್ಲಿ. ಹಾಗಾಗಿ ಎರಡು ವಾರ ನಡುದಾರಿಯ ಶಿಕಾರಿಪುರದಲ್ಲಿ, ನನ್ನ ತವರಲ್ಲೇ ಉಳಿದೆವು. ರಾತ್ರಿ ಹೊತ್ತು ಶಿರಾಳಕೊಪ್ಪದ ಆಚೆಯ ರಸ್ತೆ ಉಳಿದರೆ ಅಷ್ಟೇ ದೊಡ್ಡದು. ಬಾಯಲ್ಲಿ ಕೆಂಪು ರಕ್ತ ಕಂಡರೆ, ಅಥವಾ ಮಗು ನಿದ್ದೆಯಲ್ಲೂ ಪದೇ ಪದೇ ನುಂಗುತ್ತಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ, ಹೊರಡಿ.

ಊಟಕ್ಕಿಂತ ನೀರು ಮುಖ್ಯ. ಗಂಟಲು ಒಣಗಿದಷ್ಟೂ ನೋವು ಜಾಸ್ತಿ. ಎಳನೀರು, ಆರಿದ ಗಂಜಿ, ಮಿದ್ದ ಅನ್ನ, ಐಸ್‌ಕ್ರೀಂ (ಅಜ್ಜಿಯನ್ನು ಒಪ್ಪಿಸಿದ್ದು ಬೇರೆ ಕತೆ). ಚಕ್ಕುಲಿ, ಹುಳಿ, ಖಾರ ಬೇಡ. ಡಾಕ್ಟರ್ ಬರೆದ ಪ್ಯಾರಾಸಿಟಮಾಲನ್ನು ಹೇಳಿದ ಅಳತೆಯಲ್ಲೇ ಕೊಟ್ಟು, ಅರ್ಧ ಗಂಟೆ ಬಿಟ್ಟು ತಿನ್ನಿಸಿದರೆ ನುಂಗ್ತಾರೆ. ಆಸ್ಪಿರಿನ್ ಕೊಡಬೇಡಿ. ಮನೆಯಲ್ಲಿ ಉಳಿದ ಕೋಡೀನ್ ಇರೋ ಕೆಮ್ಮಿನ ಸಿರಪ್ಪನ್ನಂತೂ ಮುಟ್ಟಲೇಬೇಡಿ: ಈ ಆಪರೇಷನ್ ಆದ ಮಕ್ಕಳ ಉಸಿರಾಟವನ್ನೇ ಅದು ಕುಗ್ಗಿಸಬಹುದು ಅಂತ ಅಮೆರಿಕದ ಎಫ್‌ಡಿಎ 2013ರಲ್ಲೇ ಎಚ್ಚರಿಸಿದೆ.

ಬಾಯಿ ವಾಸನೆ ಒಂದಷ್ಟು ದಿನ ಇರುತ್ತೆ, ಸಹಿಸಿಕೊಳ್ಳಿ. ಹನ್ನೊಂದನೇ ದಿನ ಅವನೇ ಬಂದು ದೋಸೆ ಕೇಳಿದ. ಮೆತ್ತಗೇ ಹುಯ್ದು ಕೊಟ್ಟೆ.