ನಾಲ್ಕನೇ ಬೋಲ್ಟ್
ಮ್ಯೂನಿಕ್‌ನಲ್ಲಿ ನಾನು ಕೊಂಡ 1972ರ ಬಿಎಂಡಬ್ಲ್ಯು ಆರ್75/5 ಬೈಕ್, ಗೇರ್ ಹಾಕಿದಾಗಲೆಲ್ಲ ಹಿಂದಿನಿಂದ ‘ಟಕ್’ ಅನ್ನುತ್ತಿತ್ತು. ಈ ಗಾಡಿಗೆ ಚೈನ್ ಇಲ್ಲ. 1923ರ ಆರ್32ರಿಂದಲೂ ಈ ಬಾಕ್ಸರ್ ಎಂಜಿನ್ ಗಾಡಿಗಳ ಹಿಂದಿನ ಚಕ್ರ ತಿರುಗಿಸುವುದು ಉಕ್ಕಿನ ಶಾಫ್ಟ್. ಗೇರ್‌ಬಾಕ್ಸ್ ಹಿಂದಿನ ರಬ್ಬರ್ ಬೂಟಿನ ಕ್ಲಿಪ್ ಸಡಿಲಿಸಿ ಸರಿಸಿ ನೋಡಿದೆ. ಶಾಫ್ಟನ್ನು ಹಿಡಿದಿರಬೇಕಾದ ನಾಲ್ಕು ಬೋಲ್ಟುಗಳಲ್ಲಿ ಇದ್ದದ್ದು ಮೂರೇ! ನಾಲ್ಕನೆಯದು ಬೂಟಿನ ಮಡಿಕೆಯಲ್ಲಿ, ಎಣ್ಣೆ ಮೆತ್ತಿಕೊಂಡು ಕೂತಿತ್ತು. ಹಳೆಯದನ್ನೇ ಮತ್ತೆ ಬಿಗಿಯಬೇಡಿ. ನಾಲ್ಕನ್ನೂ ಹೊಸತು ಹಾಕಿ, ಎಣ್ಣೆಯ ಪಸೆ ಪೂರ್ತಿ ಒರೆಸಿ, ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ.

ಆಮೇಲೂ ಶಬ್ದ ಉಳಿದರೆ ಹಿಂದಿನ ಚಕ್ರ ಬಿಚ್ಚಿ. ಹಬ್ ಒಳಗಿನ ಸ್ಪ್ಲೈನ್ ಹಲ್ಲುಗಳ ತುದಿ ಚಪ್ಪಟೆಯಾಗಿರಬೇಕು. ಗರಗಸದ ಹಾಗೆ ಚೂಪಾಗಿದ್ದರೆ ಸವೆದಿವೆ. ನನ್ನ ಗಾಡಿಯವು ಪುಣ್ಯಕ್ಕೆ ಗಟ್ಟಿಯಾಗಿದ್ದವು, ಒಣಗಿದ ಗ್ರೀಸ್ ಮಾತ್ರ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಕೆರೆದು ತೆಗೆದು, ಬ್ರಷ್ಷಿನಲ್ಲಿ ಹೊಸ ಗ್ರೀಸ್ ಸವರಿದೆ.