ಕೊಡಲಿಗೆ ಯಾವ ಕಲ್ಲು?

ಬಳ್ಳಾರಿ ಪಕ್ಕದ ಸಂಗನಕಲ್ಲು ನೋಡಿದ್ದೀರಾ? ನಮ್ಮ ತೆಲಿಗಿಯಿಂದ ಬೆಳಿಗ್ಗೆ ಹೊರಟರೆ ರಾತ್ರಿಯೊಳಗೆ ಹೋಗಿ ಬರಬಹುದು. ಅಲ್ಲಿನ ಹಿರೇಗುಡ್ಡದ ತುಂಬ ಗ್ರಾನೈಟ್ ಬಂಡೆಗಳು. ನಡುವೆ ಡೋಲರೈಟ್ ಎಂಬ ಕರಿಕಲ್ಲಿನ ಪಟ್ಟಿ. ಸುಮಾರು 3,500 ವರ್ಷಗಳ ಹಿಂದೆ ನವಶಿಲಾಯುಗದ ಜನ ಕೊಡಲಿಗೆ ಆರಿಸಿಕೊಂಡದ್ದು ಈ ಕರಿಕಲ್ಲನ್ನೇ. ಗ್ರಾನೈಟ್‌ನ ಹರಳು ದಪ್ಪ, ಹೊಡೆದರೆ ಬೇಕಾದಂತೆ ಚಕ್ಕೆ ಏಳುವುದಿಲ್ಲ. ಡೋಲರೈಟ್‌ನ ಹರಳು ಸಣ್ಣದು. ಚಕ್ಕೆ ಎಬ್ಬಿಸಿ ಉಜ್ಜಿದರೆ ಅಂಚು ಬಹಳ ದಿನ ಬಾಳುತ್ತದೆ.

ಆದರೆ ಮಣ್ಣಿನಲ್ಲಿ ಸಿಕ್ಕ ಕೊಡಲಿಯ ಬಣ್ಣ ಮಾಸಿರುತ್ತದೆ, ಒಡೆದು ನೋಡುವಂತೆಯೂ ಇಲ್ಲ. ಆಗ ತೂಕ ನೆರವಿಗೆ ಬರುತ್ತದೆ. ಮೊದಲು ಹಾಗೆಯೇ ತೂಗಿ, ಬಳಿಕ ನೀರಿನಲ್ಲಿ ಮುಳುಗಿಸಿ ತೂಗಬೇಕು. ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ ಗ್ರಾನೈಟ್‌ಗೆ 2.65, ಡೋಲರೈಟ್‌ಗೆ 3ರ ಆಸುಪಾಸು ಬರುತ್ತದೆ. ಸಿವಿಲ್ ಲ್ಯಾಬ್‌ನಲ್ಲಿ ಜಲ್ಲಿಗೆ ನಾವು ಮಾಡುವ ಪರೀಕ್ಷೆಯೂ ಇದೇ. ಜೊತೆಗೆ ಭೂತಗನ್ನಡಿಯಲ್ಲಿ ಹರಳು ನೋಡಿದರೆ ಅನುಮಾನ ಇನ್ನಷ್ಟು ಕಡಿಮೆ.

ಕಲ್ಲು ಯಾವುದೆಂದು ತಿಳಿದರೆ ಅದು ಯಾವ ಗುಡ್ಡದ್ದೆಂದು ಹುಡುಕಬಹುದು. ಯಾರು ಎಲ್ಲಿಂದ ಎಲ್ಲಿಗೆ ಒಯ್ದರೆಂಬುದರ ಸುಳಿವೂ ಸಿಗುತ್ತದೆ. ಆದರೆ ಹೋಲಿಸಿ ನೋಡಲು ಗುಡ್ಡ ಉಳಿದಿರಬೇಕಲ್ಲ! ಸಂಗನಕಲ್ಲಿನ ಗುಡ್ಡಗಳನ್ನೂ ಕಲ್ಲು ಗಣಿಗಾರಿಕೆ ತಿಂದಿದೆ. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯದಲ್ಲಿ ಕೊಡಲಿಗಳು ಭದ್ರವಾಗಿವೆ. ಗುಡ್ಡವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು.

ನಾಳೆ ಸೈಟಿನಲ್ಲಿ ನಿಂತು ಜಲ್ಲಿ ತರಿಸುವವರು ನಾವೇ. ಲೋಡಿಗೆ ಎಷ್ಟು ಎಂದು ಕೇಳುವ ಮೊದಲು, ಯಾವ ಗುಡ್ಡದ್ದು ಎಂದೂ ಕೇಳೋಣ.